ಲಿವರ್‌ಪೂಲ್‌ನಲ್ಲಿ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಬೆಳೆದ ಮನೆಗಳಿಗೆ ನಾವೇ ಹೋದರೆ ಒಳಗೆ ಬಿಡುತ್ತಾರಾ?

ಬಿಡುವುದಿಲ್ಲ. ಗೇಟಿನ ಹತ್ತಿರ ಟಿಕೆಟ್ ಕೌಂಟರೇ ಇಲ್ಲ.

ಊರಿಂದ ಬಂದಿರುವ ಅಪ್ಪನನ್ನು ಮ್ಯಾಂಚೆಸ್ಟರಿನಿಂದ ಒಂದು ಶನಿವಾರ ಕರೆದುಕೊಂಡು ಹೋಗೋದು, ಸಿಟಿ ಬಸ್ ಟೂರ್ ಮುಗಿಸೋದು, ಆಮೇಲೆ ಟ್ಯಾಕ್ಸಿ ಹಿಡಿದು ಎರಡರಲ್ಲಿ ಒಂದು ಮನೆಗೆ ಹೋಗಿ ಫೋಟೊ ತೆಗೆದುಕೊಂಡು ಬರೋದು ಅಂತ ಬರೆದಿದ್ದೀರಿ. ಓದುವಾಗ ನನ್ನ ಹಳೇ ಪ್ಲಾನನ್ನೇ ಯಾರೋ ಕಾಪಿ ಹೊಡೆದ ಹಾಗಿತ್ತು.

ನಾನು ಅಪ್ಪನ ಜೊತೆ ಬರ್ಮಿಂಗ್‌ಹ್ಯಾಮಿನಿಂದ ಬೆಳಗಿನ ಗಾಡಿಗೆ ಹೊರಟಿದ್ದೆ. ಊರ ಮಧ್ಯದ ದೊಡ್ಡ ಸ್ಟೇಷನ್ ಲೈಮ್ ಸ್ಟ್ರೀಟ್ ಇನ್ನೇನು ಬಂತು ಅನ್ನುವಾಗ ಗಾಡಿ ಲಿವರ್‌ಪೂಲ್ ಸೌತ್ ಪಾರ್ಕ್‌ವೇ ಅನ್ನುವ ಸ್ಟೇಷನ್ನಿನಲ್ಲಿ ನಿಂತಿತು. ಅಪ್ಪ ಬೋರ್ಡು ಓದಿ, "ಲಿವರ್‌ಪೂಲ್ ಅಂತಿದೆಯಲ್ಲ, ಇಳಿಯೋದಾ?" ಅಂದರು. "ಇದು ಊರಾಚೆ ಅಪ್ಪ, ಕೂತ್ಕೊಳ್ಳಿ" ಅಂದೆ. ಲೈಮ್ ಸ್ಟ್ರೀಟಿನಲ್ಲಿ ಇಳಿದು, ಕಾಫಿ ಕುಡಿದು, ಸಿಟಿ ಬಸ್ಸು ಹಿಡಿದು ಜಾನ್ ಮನೆ, ಅಂದರೆ ಮೆನ್‌ಲವ್ ಅವೆನ್ಯೂ 251ರ ಮುಂದೆ ನಿಂತಾಗ ಹನ್ನೊಂದು ದಾಟಿತ್ತು. ಗೋಡೆಯ ಮೇಲೆ ನೀಲಿ ಫಲಕ ಇದೆ, ಮನೆ ಅದೇ. ಗೇಟು ಮಾತ್ರ ಹಾಕಿದೆ. ಕೌಂಟರು ಹಿಂದುಗಡೆ ಎಲ್ಲೋ ಇರಬೇಕು ಅಂತ ಆ ಬೀದಿಯ ಮೂಲೆವರೆಗೂ ಹೋಗಿ ಬಂದೆ. ಅಷ್ಟರಲ್ಲಿ ಒಂದು ಮಿನಿಬಸ್ ಬಂದು ಹದಿನಾಲ್ಕೋ ಹದಿನೈದೋ ಜನ ಇಳಿದರು. ಒಳಗಿನಿಂದ ಒಬ್ಬರು ಬಂದು ಗೇಟು ತೆಗೆದರು. ನಾವೂ ಸಾಲಿನ ಕೊನೆಗೆ ಸೇರಿಕೊಂಡೆವು. ಬಸ್ಸಿನಲ್ಲಿ ಬಂದವರಿಗೆ ಮಾತ್ರ ಅಂತ ಅವರು ಮರ್ಯಾದೆಯಿಂದಲೇ ಹೇಳಿದರು. ಡಬಲ್ ದುಡ್ಡು ಕೊಡ್ತೀನಿ ಅಂದರೂ ತೆಗೆದುಕೊಳ್ಳುವ ವ್ಯವಸ್ಥೆ ಅಲ್ಲಿಲ್ಲ. ಡ್ರೈವರನ್ನು ಕೇಳಿದೆ, ಈ ಬಸ್ಸು ಎಲ್ಲಿಂದ ಹೊರಡುತ್ತೆ ಅಂತ. ಸೌತ್ ಪಾರ್ಕ್‌ವೇ ಸ್ಟೇಷನ್ನಿನಿಂದ ಅಂದರು. ಅಪ್ಪ ನನ್ನ ಮುಖ ನೋಡಲಿಲ್ಲ, ಅದೊಂದು ಪುಣ್ಯ.

ಮುಂಗಡ ಬುಕ್ ಮಾಡದೆ ಹೋದೆ ಅನ್ನುವುದಷ್ಟೇ ಆಗಿದ್ದರೆ ಇದನ್ನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ತಪ್ಪಿನ ಬೇರು ಇನ್ನೂ ಆಳದಲ್ಲಿತ್ತು. ನಾನು ಅದನ್ನು ಕುಪ್ಪಳ್ಳಿಯ ಕವಿಮನೆ ತರಹ ಅಂದುಕೊಂಡಿದ್ದೆ. ಹೋಗು, ಬಾಗಿಲಲ್ಲಿ ಟಿಕೆಟ್ ತಗೋ, ನಿನ್ನ ಪಾಡಿಗೆ ನೋಡಿಕೊಂಡು ಬಾ. ಲಿವರ್‌ಪೂಲ್‌ನಲ್ಲಿ ನೀವು ಕೊಳ್ಳುವುದು ಬಸ್ಸಿನ ಸೀಟು. ಮನೆ ಅದರ ಜೊತೆಗೆ ಬರುತ್ತದೆ. ಇದು ತಲೆಗೆ ಹೋದರೆ ಉಳಿದ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಜಾನ್ ಮನೆ 1933ರ ಜೋಡಿಮನೆ, ಒಂದು ಗೋಡೆ ಪಕ್ಕದವರದ್ದೂ ಹೌದು. ಪಾಲ್ ಮನೆ ಸಾಲುಮನೆ, ಎರಡೂ ಕಡೆ ಸಂಸಾರಸ್ಥರಿದ್ದಾರೆ, ಬೀದಿ ಇಕ್ಕಟ್ಟು, ಬಂದವರ ಕಾರು ನಿಲ್ಲಿಸಲು ಜಾಗವಿಲ್ಲ. ಜಾನ್ ಮಲಗುತ್ತಿದ್ದ ಕೋಣೆಯಲ್ಲಂತೂ ಮಂಚ ಹಾಕಿದ ಮೇಲೆ ಮೂರು ಜನ ನಿಂತರೆ ನಾಲ್ಕನೆಯವರು ಬಾಗಿಲಲ್ಲೇ ಕಾಯಬೇಕು. ಹಾಗಾಗಿ ಒಂದು ಮಿನಿಬಸ್ಸಿನಷ್ಟು ಜನ, ದಿನಕ್ಕೆ ಕೆಲವೇ ಸಲ. ಬೇಡಿಕೆ ಎಷ್ಟೇ ಇದ್ದರೂ ಸೀಟು ಹೆಚ್ಚಾಗುವುದಿಲ್ಲ. ಅವತ್ತು ಅಲ್ಲೇ ಫುಟ್‌ಪಾತಿನ ಮೇಲೆ ಫೋನ್ ತೆಗೆದು ನೋಡಿದೆ. ಅಪ್ಪ ವಾಪಸ್ ಹೊರಡುವವರೆಗಿನ ಎಲ್ಲ ಸೀಟೂ ಹೋಗಿತ್ತು. ಅವರು ನೋಡಿದ್ದು ಹೊರಗಿನ ಗೋಡೆ ಅಷ್ಟೇ. ಕೆಳಗೆ ಬರೆದಿರುವುದೆಲ್ಲ ಆಮೇಲೆ ನಾನು ಮೂರು ಸಲ ಹೋಗಿ ತಿಳಿದುಕೊಂಡದ್ದು.

ಮೊದಲು ಟೂರ್ ಸೀಟು, ಆಮೇಲೆ ರೈಲು, ಆಮೇಲೆ ಮಿಕ್ಕಿದ್ದು. ಈ ಕ್ರಮ ತಿರುಗಿಸಬೇಡಿ. ಎರಡೂ ಮನೆಗಳು ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಯಲ್ಲಿವೆ, ಬುಕಿಂಗ್ ಅವರ ವೆಬ್‌ಸೈಟಿನಲ್ಲೇ. ಟ್ರಸ್ಟಿನ ಸದಸ್ಯತ್ವ ಇದ್ದರೆ ಪುಕ್ಕಟೆ ಅಂದುಕೊಳ್ಳಬೇಡಿ, ಸದಸ್ಯರೂ ಕೊಡಬೇಕು, ದರ ಕಡಿಮೆ ಅಷ್ಟೇ. ಚಳಿಗಾಲದಲ್ಲಿ ಟೂರ್ ಇರುವುದಿಲ್ಲ, ಸೀಸನ್ನಿನಲ್ಲೂ ವಾರದ ಏಳೂ ದಿನ ಇರುವುದಿಲ್ಲ. ಶನಿವಾರದ ಸೀಟು ಮೊದಲು ಮುಗಿಯುತ್ತದೆ. ಆಗಸ್ಟ್ ಕೊನೆಯಲ್ಲಿ ಊರಿನಲ್ಲಿ ಬೀಟಲ್ಸ್ ಹಬ್ಬ ನಡೆಯುತ್ತದೆ, ಆ ವಾರದ ಆಸೆಯನ್ನೇ ಬಿಟ್ಟುಬಿಡಿ. ಒಂದು ದಿನ ರಜೆ ಹಾಕಿ ವಾರದ ಮಧ್ಯೆ ಹೋಗಲು ಆಗುತ್ತದಾ ನೋಡಿ.

ಎಲ್ಲಿ ಬಸ್ಸು ಹತ್ತಬೇಕು ಅನ್ನುವುದನ್ನು ಬುಕಿಂಗ್ ಮೇಲ್‌ನಲ್ಲಿ ಓದಿ, ನೆಟ್ಟಿನಲ್ಲಿ ಯಾರೋ ಬರೆದದ್ದನ್ನು ನಂಬಬೇಡಿ. ನಾನು ಬರೆದದ್ದನ್ನೂ ಸೇರಿಸಿ. ಹಿಂದೆ ಕೆಲವು ಬಸ್ಸು ಊರ ಮಧ್ಯದ ಹೋಟೆಲೊಂದರ ಹತ್ತಿರದಿಂದ, ಕೆಲವು ವಿಮಾನ ನಿಲ್ದಾಣದ ಪಕ್ಕದ ಸ್ಪೀಕ್ ಹಾಲ್ ಅನ್ನುವ ಹಳೇ ಬಂಗಲೆಯಿಂದ ಹೊರಡುತ್ತಿದ್ದವು. ಆ ಕಾಲದ ಬರಹಗಳೇ ಇನ್ನೂ ಮೊದಲು ಸಿಗುತ್ತವೆ.

ನಿಮ್ಮ ಮೇಲ್‌ನಲ್ಲಿ ಸೌತ್ ಪಾರ್ಕ್‌ವೇ ಅಂತ ಇದ್ದರೆ ಮ್ಯಾಂಚೆಸ್ಟರಿನವರಿಗೆ ಅದು ಅನುಕೂಲವೇ. ಆದರೆ ಗಾಡಿ ನೋಡಿ ಹತ್ತಬೇಕು. ಆಕ್ಸ್‌ಫರ್ಡ್ ರೋಡ್ ಸ್ಟೇಷನ್ನಿನಿಂದ ವಾರಿಂಗ್ಟನ್ ಸೆಂಟ್ರಲ್ ಮೇಲೆ ಹೋಗುವ ಗಾಡಿ ಸೌತ್ ಪಾರ್ಕ್‌ವೇಯಲ್ಲಿ ನಿಲ್ಲುತ್ತದೆ. ನ್ಯೂಟನ್-ಲೆ-ವಿಲೋಸ್ ಮೇಲೆ ಹೋಗುವುದು ಬೇರೆ ಹಳಿ, ನೇರ ಲೈಮ್ ಸ್ಟ್ರೀಟಿಗೇ ಹೋಗುತ್ತದೆ. ಅದನ್ನು ಹತ್ತಿಬಿಟ್ಟರೆ ಲೈಮ್ ಸ್ಟ್ರೀಟಿನಿಂದ ಲಿವರ್‌ಪೂಲ್ ಸೆಂಟ್ರಲ್‌ಗೆ ಐದಾರು ನಿಮಿಷ ನಡೆದು, ಹಂಟ್ಸ್ ಕ್ರಾಸ್ ಕಡೆಯ ಮರ್ಸಿರೈಲ್ ಲೋಕಲ್ ಗಾಡಿ ಹಿಡಿದು ಹಿಂದಕ್ಕೆ ಬರಬೇಕು, ಗಾಡಿಯಲ್ಲೇ ಕಾಲು ಗಂಟೆ. ಬಸ್ಸು ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಅಲ್ಲಿರಿ. ತಡವಾದರೆ ಟ್ಯಾಕ್ಸಿಯಲ್ಲಿ ಹಿಂದೆಯೇ ಹೋಗಿ ಸೇರಿಕೊಳ್ಳೋಣ ಅನ್ನುವ ಲೆಕ್ಕಾಚಾರ ಬೇಡ. ಇಡೀ ಟೂರ್ ಎರಡೂವರೆ ಗಂಟೆಯ ಆಸುಪಾಸು, ಒಂದೊಂದು ಮನೆಯಲ್ಲಿ ಮುಕ್ಕಾಲು ಗಂಟೆ ಹತ್ತಿರ. ಹಿರಿಯರು ಜೊತೆಗಿದ್ದರೆ ಹತ್ತುವ ಮೊದಲು ಸ್ಟೇಷನ್ನಿನಲ್ಲೇ ಬಾತ್‌ರೂಮಿಗೆ ಹೋಗಿ ಬರುವುದು ಒಳ್ಳೆಯದು. ಸೂಟ್‌ಕೇಸ್ ತರಬೇಡಿ. ಎರಡೂ ಮನೆಯಲ್ಲಿ ಮೆಟ್ಟಿಲು ಕಿರಿದು. ಮಂಡಿ ನೋವಿದ್ದರೆ ಕೆಳಗಿನ ಕೋಣೆಗಳನ್ನಷ್ಟೇ ನೋಡಬಹುದು. ಪಾಲ್ ಮನೆಯಲ್ಲಿ ಮುಖ್ಯವಾದದ್ದೆಲ್ಲ ಕೆಳಗೇ ಇದೆ, ಜಾನ್ ಮನೆಯಲ್ಲಿ ಮಾತ್ರ ಮೇಲಿನದು ತಪ್ಪಿದರೆ ನಷ್ಟ.

ಇನ್ನು "ಎರಡರಲ್ಲಿ ಯಾವ ಮನೆ" ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟೂರಿನಲ್ಲಿ ಎರಡೂ ಸೇರಿಯೇ ಇವೆ ಅನ್ನುವುದು ಒಂದು ಮಾತು. ಒಂದನ್ನು ನೋಡಿ ಇಪ್ಪತ್ತು ನಿಮಿಷದೊಳಗೆ ಇನ್ನೊಂದರೊಳಗೆ ಕಾಲಿಟ್ಟಾಗ ಗೊತ್ತಾಗುವ ಸಂಗತಿ ಬೇರೆ ಬೇರೆಯಾಗಿ ನೋಡಿದರೆ ಗೊತ್ತಾಗುವುದೇ ಇಲ್ಲ.

ಜಾನ್ ಮನೆಗೆ ಹೆಸರಿದೆ, ಮೆಂಡಿಪ್ಸ್. ಬೀದಿಯಲ್ಲಿ ನಂಬರಿನ ಜೊತೆ ಹೆಸರೂ ಇರುವ ಮನೆ ಅಂದರೇ ಆ ಕಾಲದಲ್ಲಿ ಒಂದು ಅಂತಸ್ತು. ಅವನನ್ನು ಸಾಕಿದ ಮಿಮಿ ಅವನ ತಾಯಿ ಜೂಲಿಯಾಳ ಅಕ್ಕ, ಅಂದರೆ ನಮ್ಮ ಲೆಕ್ಕದಲ್ಲಿ ದೊಡ್ಡಮ್ಮ. ಐದು ವರ್ಷದವನಿದ್ದಾಗ ಬಂದವನು 1963ರವರೆಗೆ ಅಲ್ಲಿದ್ದ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಗೋಡೆಯ ಮೇಲುಗಡೆ ಒಂದು ಗಂಟೆಯ ಪೆಟ್ಟಿಗೆ ಇದೆ, ಯಾವ ಕೋಣೆಯಲ್ಲಿ ಗುಂಡಿ ಒತ್ತಿದರು ಅಂತ ಆಳಿಗೆ ತೋರಿಸಲು. ಮಿಮಿಯ ಮನೆಯಲ್ಲಿ ಆಳುಗಳಿರಲಿಲ್ಲ, ಕಟ್ಟಿಸಿದ ಕಾಲದ ಆಸೆ ಅದು. ಜನ ಅದನ್ನು ನೋಡದೆ ದಾಟಿಬಿಡುತ್ತಾರೆ. ನೀವು ಕತ್ತೆತ್ತಿ ನೋಡಿ. ದೊಡ್ಡಪ್ಪ ಜಾರ್ಜ್ 1955ರಲ್ಲಿ ತೀರಿಕೊಂಡ. ಮಿಮಿ ಕಾಲೇಜು ಹುಡುಗರನ್ನು ಬಾಡಿಗೆಗೆ ಇಟ್ಟುಕೊಂಡು ಮನೆ ನಡೆಸುತ್ತಿದ್ದಳು. ಮುಂಬಾಗಿಲಿನ ಗಾಜಿನ ಪೋರ್ಚ್‌ನಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದು ನೋಡಿ. ಗಿಟಾರ್ ಸದ್ದು ತಡೆಯಲಾರದೆ ಅವಳು ಹುಡುಗರನ್ನು ಅಲ್ಲಿಗೆ ಅಟ್ಟುತ್ತಿದ್ದಳು, ಅವರಿಗೆ ಅಲ್ಲಿನ ಪ್ರತಿಧ್ವನಿಯೇ ಬೇಕಾಗಿತ್ತು. ಆ ಪೋರ್ಚ್‌ನ ಮೇಲೆಯೇ ಜಾನ್‌ನ ಕೋಣೆ. ಜಾನ್‌ನ ಹೆಂಡತಿ ಯೋಕೊ ಓನೊ 2002ರಲ್ಲಿ ಈ ಮನೆ ಕೊಂಡು ಟ್ರಸ್ಟಿಗೆ ಕೊಟ್ಟದ್ದು, ಮರುವರ್ಷ ಜನರಿಗೆ ತೆರೆದದ್ದು.

ಗೇಟಿನಾಚೆಯ ರಸ್ತೆ ದಾಟುವಾಗ ಹುಷಾರು. ನಡುವೆ ಹಸಿರು ಪಟ್ಟಿ ಇರುವ ಎರಡು ಕವಲಿನ ರಸ್ತೆ, ವಾಹನಗಳ ವೇಗ ಜಾಸ್ತಿ. 1958ರ ಜುಲೈ 15ರ ಸಂಜೆ ಜೂಲಿಯಾ ಅಕ್ಕನ ಮನೆಯಿಂದ ಹೊರಟು ಬಸ್ಸಿಗೆ ಹೋಗಲು ಈ ರಸ್ತೆ ದಾಟುವಾಗಲೇ ಕಾರು ಹೊಡೆದು ಸತ್ತಳು. ಜಾನ್‌ಗೆ ಹದಿನೇಳು.

ಅಲ್ಲಿಂದ ಒಂದೂವರೆ ಕಿಲೋಮೀಟರ್ ಆಚೆ, ನಡುವೆ ಗಾಲ್ಫ್ ಮೈದಾನ, 20 ಫೋರ್ತ್‌ಲಿನ್ ರೋಡ್. ಇದಕ್ಕೆ ಹೆಸರಿಲ್ಲ. ಕೌನ್ಸಿಲ್ ಮನೆ, ಅಂದರೆ ನಮ್ಮ ಹೌಸಿಂಗ್ ಬೋರ್ಡ್ ಮನೆಯ ಹಾಗೆ, ಆದರೆ ಬಾಡಿಗೆಗೆ. ಮೆಕಾರ್ಟ್ನಿ ಸಂಸಾರ 1955ರಲ್ಲಿ ಬಂತು. ತಾಯಿ ಮೇರಿ ನರ್ಸು, ಸೂಲಗಿತ್ತಿ. ಮರುವರ್ಷ ಅಕ್ಟೋಬರ್ 31ಕ್ಕೆ ಸ್ತನ ಕ್ಯಾನ್ಸರಿನ ಆಪರೇಷನ್ ಆದಮೇಲೆ ತೀರಿಕೊಂಡಳು. ಹತ್ತಿ ವ್ಯಾಪಾರದಲ್ಲಿ ಸಂಬಳಕ್ಕಿದ್ದ ತಂದೆ ಜಿಮ್ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಉಳಿದ. ಮುಂದಿನ ಕೋಣೆಯ ಗೋಡೆಗಳನ್ನು ನಿಧಾನವಾಗಿ ನೋಡಿ, ಒಂದೊಂದು ಗೋಡೆಯ ಕಾಗದ ಒಂದೊಂದು ತರಹ. ಮಿಕ್ಕಿದ ಸುರುಳಿಗಳನ್ನು ಅಗ್ಗಕ್ಕೆ ತಂದು ಅಂಟಿಸಿದ್ದು. ಕೆಳಗಿನ ಕಾರ್ಪೆಟ್ಟೂ ತುಂಡು ತುಂಡು ಜೋಡಿಸಿದ್ದೇ. ಮೆಂಡಿಪ್ಸ್‌ನ ಗಂಟೆಯ ಪೆಟ್ಟಿಗೆ ಕಣ್ಣಲ್ಲಿ ಇನ್ನೂ ಇರುವಾಗಲೇ ಈ ಗೋಡೆ ನೋಡಬೇಕು. ಶ್ರಮಿಕರ ಹುಡುಗ ಅಂತ ಹಾಡಿಕೊಂಡವನು ಬೆಳೆದದ್ದು ಆ ಮನೆಯಲ್ಲಿ, ಸೂಟು ಹಾಕಿ ನಾಜೂಕಾಗಿ ನಗುತ್ತಿದ್ದವನು ಬೆಳೆದದ್ದು ಈ ಮನೆಯಲ್ಲಿ.

ಆ ಕೋಣೆಯಲ್ಲೇ ಶಾಲೆ, ಕಾಲೇಜಿಗೆ ಚಕ್ಕರ್ ಹೊಡೆದು ಇಬ್ಬರೂ ಎದುರುಬದುರು ಕೂತು ಹಾಡು ಕಟ್ಟುತ್ತಿದ್ದರು. ಪಾಲ್ ಎಡಚ. ಹಾಗಾಗಿ ಜಾನ್‌ಗೆ ಎದುರಿನ ಗಿಟಾರು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ತಮ್ಮ ಮೈಕ್ ಆಗ ತೆಗೆದ ಫೋಟೊಗಳನ್ನು ಅಲ್ಲೇ ತೂಗುಹಾಕಿದ್ದಾರೆ. ಫೋಟೊದಲ್ಲಿರುವ ಒಲೆಗೂಡನ್ನು ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಅಸಲಿ ಒಲೆಗೂಡನ್ನು ನೋಡಿ. ಗೈಡ್ ಮಾತಾಡುತ್ತಿರುತ್ತಾರೆ, ಪರವಾಗಿಲ್ಲ. ಪಿಯಾನೊ ಆಗಿನದಲ್ಲ, ಮುಟ್ಟಬಹುದಾ ಅಂತ ಕೇಳಿ, ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಹಿತ್ತಿಲಲ್ಲಿ ಒಂದು ನೀರಿನ ಕೊಳವೆ ಇದೆ, ರಾತ್ರಿ ತಡವಾಗಿ ಬಂದ ಪಾಲ್ ಅದನ್ನು ಹತ್ತಿ ಬಚ್ಚಲ ಕಿಟಕಿಯಿಂದ ಒಳಗೆ ನುಸುಳುತ್ತಿದ್ದ.

ಫೋಟೊಗಾಗಿ ಹೋಗುವುದಾದರೆ ಇದನ್ನೂ ತಿಳಿದುಕೊಂಡಿರಿ. ಎರಡೂ ಮನೆಯೊಳಗೆ ಫೋಟೊ, ವಿಡಿಯೊ, ರೆಕಾರ್ಡಿಂಗ್ ಯಾವುದೂ ಇಲ್ಲ. ಬ್ಯಾಗು, ಕ್ಯಾಮೆರಾ, ಫೋನು ಎಲ್ಲ ಇಸಿದುಕೊಂಡು ಬೀಗ ಹಾಕಿಡುತ್ತಾರೆ. ಹೊರಗೆ ಎಷ್ಟು ಬೇಕಾದರೂ ತೆಗೆಯಿರಿ. ಬಸ್ಸಿನಿಂದ ಇಳಿದ ತಕ್ಷಣ ಎಲ್ಲರೂ ಗೇಟಿಗೆ ಮುಗಿಬೀಳುತ್ತಾರೆ, ನೀವು ಒಳಗೆ ಹೋಗಿ ಬಂದಮೇಲೆ ತೆಗೆಯಿರಿ. ಒಳಗೆ ಫೋಟೊ ಇಲ್ಲದಿದ್ದರೆ ಅಷ್ಟು ದುಡ್ಡು ಯಾಕೆ ಅನ್ನುವವರಿಗೆ ನಾನು ಟೂರ್ ಹೇಳುವುದೇ ಇಲ್ಲ. ಫುಟ್‌ಪಾತಿನಿಂದ ಬಿಟ್ಟಿ ಕಾಣುತ್ತದೆ, ನೋಡಿಕೊಂಡು ಹೋಗಲಿ. ಪಕ್ಕದ ಮನೆಯವರ ಕಾಂಪೌಂಡ್ ಹತ್ತದಿದ್ದರೆ ಸಾಕು.

ಈಗಾಗಲೇ ಬುಕ್ ಮಾಡಿರುವ ಸಿಟಿ ಬಸ್ ಟೂರನ್ನು ರದ್ದು ಮಾಡಬೇಕಿಲ್ಲ. ಅದು ಮನೆಗಳ ಒಳಗೆ ಕರೆದುಕೊಂಡು ಹೋಗುವುದಿಲ್ಲ ಅಷ್ಟೇ. ಬೆಳಿಗ್ಗೆ ಮನೆಗಳು, ಮಧ್ಯಾಹ್ನ ಅದು ಅಂತ ಬದಲಾಯಿಸಿಕೊಳ್ಳಿ. ಬ್ಯಾಂಡಿನ ಇನ್ನಿಬ್ಬರಲ್ಲಿ ಜಾರ್ಜ್ ಹ್ಯಾರಿಸನ್ ಹುಟ್ಟಿದ 12 ಅರ್ನಾಲ್ಡ್ ಗ್ರೋವ್, ರಿಂಗೊ ಸ್ಟಾರ್ ಹುಟ್ಟಿದ 9 ಮ್ಯಾಡ್ರಿನ್ ಸ್ಟ್ರೀಟ್ ಈ ಟ್ರಸ್ಟಿನ ಟೂರಿನಲ್ಲಿಲ್ಲ. ಹೊತ್ತು ಮಿಕ್ಕರೆ ಮೆಂಡಿಪ್ಸ್‌ನಿಂದ ನಡೆದು ಹೋಗುವಷ್ಟು ಹತ್ತಿರ, ಅವರ ಹಾಡಿನಲ್ಲಿ ಬರುವ ಸ್ಟ್ರಾಬೆರಿ ಫೀಲ್ಡ್ ಇದೆ, 2019ರಿಂದ ಜನರಿಗೆ ತೆರೆದಿದ್ದಾರೆ, ಕೂತು ತಿನ್ನಲು ಕೆಫೆಯೂ ಉಂಟು. ಬೀದಿಯಲ್ಲಿ ಕಾಣುವ ಕೆಂಪು ಗೇಟು ನಕಲು. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಸಲಿಯನ್ನು ಒಳಗಿನ ತೋಟದಲ್ಲಿ ಇಟ್ಟಿದ್ದಾರೆ, ನಿಮ್ಮ ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.