‘ಆ್ಯಂಡ್’, ‘ಆರ್’ ಅರಿಯದ ಬ್ಯಾಚ್ ಫೈಲ್

ಪ್ರಶ್ನೆ: ಮಲ್ಪೆಯಲ್ಲಿ ದೋಣಿ ಮಾಲೀಕರೊಬ್ಬರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ದಿನದ ಕೊನೆಗೆ ಲೆಕ್ಕದ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಲು ವಿಂಡೋಸ್‌ನಲ್ಲಿ ಒಂದು ಬ್ಯಾಚ್ ಫೈಲ್ (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆದುಕೊಂಡಿದ್ದೇನೆ. ಪೆನ್‌ಡ್ರೈವೂ ಇರಬೇಕು, ಲೆಕ್ಕದ ಫೈಲೂ ಇರಬೇಕು ಎಂಬ ಉದ್ದೇಶದಿಂದ ‘ಇಫ್’ ಸಾಲಿನ ನಡುವೆ ‘ಆ್ಯಂಡ್’ ಎಂದು ಸೇರಿಸಿದೆ. ಕೆಲವು ದಿನ ದೋಷದ ಸಂದೇಶ ಬರುತ್ತದೆ, ಕೆಲವು ದಿನ ಏನೂ ಬರುವುದಿಲ್ಲ. ನಕಲಂತೂ ಒಂದು ದಿನವೂ ಆಗಿಲ್ಲ. ಇದಲ್ಲದೆ, ಮೀನುಗಾರಿಕೆಗೆ ರಜೆಯಿರುವ ಜೂನ್, ಜುಲೈ ತಿಂಗಳುಗಳಲ್ಲಿ ನಕಲು ಬೇಡ. ಹೇಗೆ ಬರೆಯಲಿ?
– ಓದುಗರು, ಉಡುಪಿ

ಉತ್ತರ: ತಮ್ಮ ತರ್ಕದಲ್ಲಿ ತಪ್ಪಿಲ್ಲ. ಬ್ಯಾಚ್ ಭಾಷೆಯ ‘ಇಫ್’ಗೆ ‘ನಾಟ್’ ಮಾತ್ರ ಗೊತ್ತು. ‘ಆ್ಯಂಡ್’, ‘ಆರ್’ ಗೊತ್ತಿಲ್ಲ. ಮೊದಲನೆಯ ಷರತ್ತು ಮುಗಿದ ಕೂಡಲೇ ಸಾಲಿನಲ್ಲಿ ಉಳಿದದ್ದೆಲ್ಲವೂ ನಡೆಸಬೇಕಾದ ಆಜ್ಞೆಯೆಂದು ಅದು ತಿಳಿಯುತ್ತದೆ. ಆದ್ದರಿಂದ ಪೆನ್‌ಡ್ರೈವ್ ಇದ್ದ ದಿನ ‘ಆ್ಯಂಡ್’ ಎಂಬ ಹೆಸರಿನ ಪ್ರೋಗ್ರಾಮನ್ನು ಹುಡುಕಿ, ಸಿಗದೆ ದೂರು ಹೇಳುತ್ತದೆ. ಇಲ್ಲದ ದಿನ ಆ ಸಾಲನ್ನೇ ಬಿಟ್ಟು ತೆಪ್ಪಗೆ ಮುಂದೆ ಹೋಗುತ್ತದೆ.

‘ಇಫ್’ನ ನಂತರ ಬರುವ ಆಜ್ಞೆಯು ಇನ್ನೊಂದು ‘ಇಫ್’ ಆಗಿರಲು ಅಡ್ಡಿಯಿಲ್ಲ ಎಂಬುದೇ ಇಲ್ಲಿ ನಮಗಿರುವ ದಾರಿ. (ಕೆಳಗಿನ ಸಾಲುಗಳನ್ನು ಇಲ್ಲಿ ಕನ್ನಡದಲ್ಲಿ ಅಚ್ಚು ಮಾಡಿದ್ದರೂ ತಾವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.)

ಇಫ್ ಎಕ್ಸಿಸ್ಟ್ ಇ:\ಬ್ಯಾಕಪ್ ಇಫ್ ಎಕ್ಸಿಸ್ಟ್ ಲೆಕ್ಕ.ಡಿಬಿ ಕಾಪಿ ಲೆಕ್ಕ.ಡಿಬಿ ಇ:\ಬ್ಯಾಕಪ್

ಎರಡೂ ಬಾಗಿಲು ತೆರೆದಿದ್ದರೆ ಮಾತ್ರ ‘ಕಾಪಿ’ಯವರೆಗೆ ತಲುಪಲು ಸಾಧ್ಯವಾದ್ದರಿಂದ ಇದೇ ‘ಆ್ಯಂಡ್’ ಆಯಿತು. ಆದರೆ ಇದರ ಕೊನೆಗೆ ‘ಎಲ್ಸ್’ ಸೇರಿಸಿ ಎಚ್ಚರಿಕೆಯ ಸಂದೇಶ ಕೊಡಲು ಹೊರಟವರು ಹಲವರು ಮುಗ್ಗರಿಸಿದ್ದಾರೆ, ನಾನೂ ಅವರಲ್ಲೊಬ್ಬ. ಆ ‘ಎಲ್ಸ್’ ಒಳಗಿನ ‘ಇಫ್’ಗೆ ಅಂಟಿಕೊಳ್ಳುತ್ತದೆ. ಫೈಲ್ ಇಲ್ಲದಿದ್ದರೆ ಎಚ್ಚರಿಕೆ ಬರುತ್ತದೆ, ಪೆನ್‌ಡ್ರೈವನ್ನೇ ಮರೆತಿದ್ದರೆ ಬರುವುದಿಲ್ಲ. ದಿನನಿತ್ಯ ಮರೆಯುವುದು ಪೆನ್‌ಡ್ರೈವನ್ನೇ ಅಲ್ಲವೇ!

ಆದಕಾರಣ ಪ್ರಶ್ನೆಯನ್ನೇ ತಿರುಗಿಸಿ ಕೇಳುವುದು ಕ್ಷೇಮ. ‘ಎರಡೂ ಇವೆ’ ಎಂಬುದು ಸುಳ್ಳಾಗುವುದು ‘ಇದಿಲ್ಲ ಅಥವಾ ಅದಿಲ್ಲ’ ಎಂದಾದಾಗ. ಈ ನಿಯಮಕ್ಕೆ ತನ್ನ ಹೆಸರು ಕೊಟ್ಟ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಮಧುರೆಯಲ್ಲಿ. ನಕಲು ಮಾಡದಿರಲು ಇರುವ ಒಂದೊಂದು ಕಾರಣಕ್ಕೂ ಒಂದೊಂದು ಸಾಲು ಕೊಡಿ (‘ಗೋಟು’ ಎಂದರೆ ಆ ಹೆಸರಿನ ಗುರುತಿಗೆ ಹಾರು, ‘:ಇಒಎಫ್’ ಎಂದರೆ ಫೈಲಿನ ಕೊನೆ):

ಇಫ್ ನಾಟ್ ಎಕ್ಸಿಸ್ಟ್ ಇ:\ಬ್ಯಾಕಪ್ ಗೋಟು ಎಚ್ಚರಿಕೆ
ಇಫ್ ನಾಟ್ ಎಕ್ಸಿಸ್ಟ್ ಲೆಕ್ಕ.ಡಿಬಿ ಗೋಟು ಎಚ್ಚರಿಕೆ
ಕಾಪಿ ಲೆಕ್ಕ.ಡಿಬಿ ಇ:\ಬ್ಯಾಕಪ್
ಗೋಟು :ಇಒಎಫ್
:ಎಚ್ಚರಿಕೆ
ಎಕೋ ನಕಲು ಆಗಿಲ್ಲ, ಪೆನ್‌ಡ್ರೈವ್ ನೋಡಿ
ಪಾಸ್

ನಾಲ್ಕನೆಯ ಸಾಲನ್ನು ಬಿಡಬಾರದು. ‘:ಎಚ್ಚರಿಕೆ’ ಎಂಬ ಲೇಬಲ್ ಗೋಡೆಯಲ್ಲ, ಬರಿಯ ಗುರುತು. ಆ ಸಾಲಿಲ್ಲದಿದ್ದರೆ ನಕಲು ಸರಿಯಾಗಿ ಆದ ದಿನವೂ ಕಂಪ್ಯೂಟರ್ ಕೆಳಗಿಳಿದು ಬಂದು ‘ನಕಲು ಆಗಿಲ್ಲ’ ಎಂದು ತೋರಿಸುತ್ತದೆ. ನಾಳೆ ಮೂರನೆಯ ಷರತ್ತು ಬಂದರೆ ಮೇಲೆ ಇನ್ನೊಂದು ಸಾಲು ಸೇರಿಸಿದರಾಯಿತು.

ಇನ್ನು ರಜೆಯ ವಿಚಾರ. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ ಸರಿಯಾಗಿ ಎರಡು ತಿಂಗಳು ಇರುವುದರಿಂದ ದಿನಾಂಕದ ಗೋಜಿಲ್ಲದೆ ತಿಂಗಳನ್ನಷ್ಟೇ ನೋಡಿದರೆ ಸಾಕು. ತಿಂಗಳು 06 ಆದರೆ ಕೊನೆಗೆ ಹೋಗು ಎಂದು ಒಂದು ಸಾಲು, 07 ಆದರೆ ಕೊನೆಗೆ ಹೋಗು ಎಂದು ಇನ್ನೊಂದು ಸಾಲು ಬರೆದರೆ ‘ಆರ್’ ಸಿದ್ಧ. ‘ಗೋಟು’ವಿನ ಬದಲು ಬೇರೆ ಕೆಲಸವಿದ್ದು ಎರಡೂ ಷರತ್ತು ಒಟ್ಟಿಗೆ ನಿಜವಾಗುವಂತಿದ್ದರೆ ಆ ಕೆಲಸ ಎರಡು ಸಲ ನಡೆದೀತು, ಅಂಥಲ್ಲಿ ಮೊದಲು ಸಂಖ್ಯೆ ಇಟ್ಟುಕೊಳ್ಳುವ ಒಂದು ವೇರಿಯೆಬಲ್‌ಗೆ 0 ಕೊಟ್ಟು, ಯಾವ ಷರತ್ತು ನಿಜವಾದರೂ ಅದನ್ನು 1 ಮಾಡಿ, ಕೊನೆಯಲ್ಲಿ ಅದೊಂದನ್ನೇ ಪರೀಕ್ಷಿಸಬೇಕು. ಇಂದಿನ ದಿನಾಂಕವಿರುವ ‘ಡೇಟ್’ ವೇರಿಯೆಬಲ್‌ನಿಂದ ತಿಂಗಳನ್ನು ಕತ್ತರಿಸಿ ತೆಗೆಯುವ ಮುನ್ನ ‘ಎಕೋ’ ಕೊಟ್ಟು ಅದರ ರೂಪವನ್ನೊಮ್ಮೆ ಕಣ್ಣಾರೆ ನೋಡಿ. ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ತಿಂಗಳು ದಿನಕ್ಕಿಂತ ಮುಂಚೆ ಬರುತ್ತದೆ.

ಎರಡು ಆ್ಯಂಪರ್ಸಂಡ್ (&&) ಚಿಹ್ನೆ ಬ್ಯಾಚ್‌ನಲ್ಲಿಯೂ ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ, ಆದರೆ ಅದು ಒಂದು ಆಜ್ಞೆ ಯಶಸ್ವಿಯಾದರೆ ಮುಂದಿನದನ್ನು ನಡೆಸುವುದಕ್ಕೆ. ‘ಇಫ್’ನ ಷರತ್ತುಗಳನ್ನು ಜೋಡಿಸುವುದಕ್ಕಲ್ಲ.

ಪ್ರಶ್ನೆ: ರೋಬೋಕಾಪಿ (ವಿಂಡೋಸ್‌ನ ಇನ್ನೊಂದು ನಕಲು ಆಜ್ಞೆ) ಮುಗಿದ ಮೇಲೆ ‘ಇಫ್ ಎರರ್‌ಲೆವೆಲ್ 0’ ಎಂದು ಪರೀಕ್ಷಿಸಿದರೆ ಸದಾ ‘ಯಶಸ್ವಿ’ ಎಂದೇ ಬರುತ್ತದೆ, ಏಕೆ?
– ಓದುಗರು, ಮಂಗಳೂರು

ಉತ್ತರ: ಎರರ್‌ಲೆವೆಲ್ ಎಂದರೆ ಆಜ್ಞೆ ಮುಗಿದಾಗ ತಿಳಿಸುವ ಫಲಿತಾಂಶದ ಸಂಖ್ಯೆ. ಆ ಸಾಲಿನ ಅರ್ಥ ‘0 ಅಥವಾ ಅದಕ್ಕಿಂತ ಹೆಚ್ಚು’ ಎಂದು; ಹಾಗಾಗಿ ಸೋತಾಗ ಬರುವ ದೊಡ್ಡ ಸಂಖ್ಯೆಯೂ ಅದರಲ್ಲಿ ಪಾಸಾಗುತ್ತದೆ. ಸರಿಯಾಗಿ 1 ಬಂದಿದೆಯೇ ಎಂದು ತಿಳಿಯಲು ‘ಇಫ್ ಎರರ್‌ಲೆವೆಲ್ 1 ಇಫ್ ನಾಟ್ ಎರರ್‌ಲೆವೆಲ್ 2’ ಎಂದು, ಮೇಲಿನ ಉತ್ತರದಲ್ಲಿ ಹೇಳಿದಂತೆಯೇ ಎರಡು ‘ಇಫ್’ ಜೋಡಿಸಿ. ರೋಬೋಕಾಪಿಯಲ್ಲಿ 1 ಎಂದರೆ ಫೈಲುಗಳು ಸರಿಯಾಗಿ ನಕಲಾಗಿವೆ ಎಂದರ್ಥ. 8 ಅಥವಾ ಹೆಚ್ಚು ಬಂದರೆ ಮಾತ್ರ ಏನೋ ಸೋತಿದೆ. ಹಾಗಾಗಿ ತಾವು ‘ಇಫ್ ಎರರ್‌ಲೆವೆಲ್ 8’ ಎಂದು ಬರೆದು ಎಚ್ಚರಿಕೆ ಕೊಟ್ಟರೆ ಸಾಕು.