ಪ್ರತಿ ಸಲ ಸ್ಯಾನಿಟೈಸರ್ ಹಾಕಿದ್ರೂ ಮನೇಲಿ ಮಾಡಿದ ಬಿಯರ್ ಯಾಕೆ ಹುಳಿ ಬರತ್ತೆ?

ಎರಡು ಬ್ಯಾಚ್ ಹುಳಿಯಾಯ್ತು, ಎರಡು ಸಲವೂ ಸ್ಟಾರ್ ಸ್ಯಾನ್ ಅನ್ನೋ ಸ್ಯಾನಿಟೈಸರ್ ಹಾಕಿದ್ದೆ, ಇನ್ನೂ ಜಾಸ್ತಿ ಹಾಕ್ಬೇಕಾ ಅಂತ ಕೇಳಿದೀರಿ. ಜಾಸ್ತಿ ಬೇಡ. ಬಿಯರ್ ಹುದುಗೋಕೆ ಇಡೋ ಬಕೆಟ್ ಕೆಳಗಡೆ ನಲ್ಲಿ ಇರತ್ತಲ್ಲ, ಅದನ್ನ ಯಾವತ್ತಾದ್ರೂ ಬಿಚ್ಚಿ ನೋಡಿದೀರಾ?

ನಾನಂತೂ ನೋಡಿರ್ಲಿಲ್ಲ. ಮೂರು ಬ್ಯಾಚ್ ಸಿಂಕಿಗೆ ಸುರಿದ ಮೇಲೆ ತಲೆ ಕೆಟ್ಟು ಬಿಚ್ಚಿದೆ, ವಾಷರ್ ಸುತ್ತ ಕಂದು ಲೋಳೆ, ವಾಸನೆ ಮಾತ್ರ ಕೇಳ್ಬೇಡಿ. ಅದರ ಮೇಲೇ ಪ್ರತಿ ಸಲ ಸ್ಯಾನಿಟೈಸರ್ ಹಾಯಿಸಿ ಎಲ್ಲಾ ಶುದ್ಧ ಅನ್ಕೊಂಡು ಕೂತಿದ್ದೆ. ಸ್ಯಾನಿಟೈಸರ್ ಕೊಳೆ ತೆಗೆಯಲ್ಲ ಸ್ವಾಮಿ, ತೊಳೆದು ಸ್ವಚ್ಛ ಆಗಿರೋ ಜಾಗದಲ್ಲಿ ಉಳಿದಿರೋ ಬ್ಯಾಕ್ಟೀರಿಯಾ, ಕಾಡು ಯೀಸ್ಟ್ ಕೊಲ್ಲೋದಷ್ಟೇ ಅದರ ಕೆಲಸ, ಕೊಳೆ ಕೆಳಗೆ ಅವಿತಿರೋ ಲ್ಯಾಕ್ಟೋಬ್ಯಾಸಿಲಸ್ ಹತ್ರಕ್ಕೂ ಅದು ಹೋಗಲ್ಲ, ಹುಳಿ ಮಾಡೋದು ಹೆಚ್ಚಾಗಿ ಈ ಬ್ಯಾಕ್ಟೀರಿಯಾನೇ.

ಅದಕ್ಕೇ ಮೊದಲು ತೊಳೀರಿ. ಸೋಡಿಯಂ ಪರ್ಕಾರ್ಬೋನೇಟ್ ಇರೋ ಕ್ಲೀನರನ್ನ ಬಿಸಿ ನೀರಲ್ಲಿ ಕರಗಿಸಿ (ಗ್ಲವ್ಸ್ ಹಾಕ್ಕೊಳ್ಳಿ), ನಲ್ಲಿ, ವಾಷರ್, ಮುಚ್ಚಳ, ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಸಣ್ಣ ಸಾಧನ) ಎಲ್ಲಾ ಬಿಡಿಬಿಡಿ ಮಾಡಿ ರಾತ್ರಿ ನೆನೆಹಾಕಿದ್ರೆ ನೊರೆ ಒಣಗಿ ಅಂಟಿರೋ ಉಂಗುರ ಕೂಡ ಬೆಳಿಗ್ಗೆ ಉಜ್ಜದೇನೆ ಬಿಡತ್ತೆ. ಆಮೇಲೆ ಚೆನ್ನಾಗಿ ಜಾಲಿಸಿ. ಪ್ಲಾಸ್ಟಿಕ್ ಬಕೆಟ್ಟಿಗೆ ಒರಟು ಸ್ಕ್ರಬ್ಬರ್ ತಾಗಿಸ್ಲೇಬೇಡಿ, ಒಂದೊಂದು ಗೀರೂ ಬ್ಯಾಕ್ಟೀರಿಯಾಗೆ ಮನೆ, ಈಗಾಗ್ಲೇ ಗೀರು ಬಿದ್ದಿದ್ರೆ ಬಕೆಟ್ ಬದಲಾಯಿಸಿ. ಬಿಯರ್ ಹಾಯಿಸೋ ಪೈಪ್ ಒಳಗೆ ಕಲೆ ಕಂಡ್ರೂ ಅಷ್ಟೇ, ಬಿಸಾಕಿ.

ಆಮೇಲೆ ಸ್ಟಾರ್ ಸ್ಯಾನ್. 19 ಲೀಟರ್ ನೀರಿಗೆ 30 ಎಂಎಲ್, ಅಂದ್ರೆ ಲೀಟರಿಗೆ ಒಂದೂವರೆ ಎಂಎಲ್ ಹತ್ರ. ಒಂದೆರಡು ನಿಮಿಷ ಮೇಲ್ಮೈ ಒದ್ದೆ ಇದ್ರೆ ಸಾಕು, ಸ್ಪ್ರೇ ಬಾಟ್ಲಿಯಲ್ಲಿ ಹೊಡೆದ್ರೂ ನಡೆಯತ್ತೆ. ನೊರೆ ಉಳೀತು ಅಂತ ಗಾಬರಿಯಾಗಿ ಮತ್ತೆ ನಲ್ಲಿ ನೀರಲ್ಲಿ ತೊಳೆದ್ರೆ ಮಾಡಿದ್ದೆಲ್ಲಾ ದಂಡ, ಈ ತಪ್ಪನ್ನೂ ನಾನು ಮಾಡಿದೀನಿ.

ಬ್ಲೀಚ್ ಅಗ್ಗ ಹೌದು, ಆದ್ರೆ ಸ್ವಲ್ಪ ಉಳಿದ್ರೂ ಬಿಯರ್‌ಗೆ ಆಸ್ಪತ್ರೆ ಬ್ಯಾಂಡೇಜ್ ಥರ ರುಚಿ ಬರತ್ತೆ, ಸ್ಟೀಲ್ ಪಾತ್ರೆಗೂ ಒಳ್ಳೇದಲ್ಲ. ಸ್ಟಾರ್ ಸ್ಯಾನ್ ಆಸಿಡ್, ಅದರ ಜೊತೆ ಬ್ಲೀಚ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳತ್ತೆ, ಆ ಸಾಹಸ ಯಾವತ್ತೂ ಬೇಡ.

ಕುದಿಸೋ ಪಾತ್ರೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ತೊಳೆದಿದ್ರೆ ಸಾಕು, ಒಂದು ಗಂಟೆ ಕುದಿಯತ್ತಲ್ಲ. ವೋರ್ಟ್ (ಯೀಸ್ಟ್ ಹಾಕೋಕೆ ಮುಂಚಿನ ಸಿಹಿ ಮಾಲ್ಟ್ ರಸ) ತಣ್ಣಗಾದ ಮೇಲೆ ಅದಕ್ಕೆ ಏನೇನು ತಾಗತ್ತೋ, ಥರ್ಮಾಮೀಟರ್, ಯೀಸ್ಟ್ ಪ್ಯಾಕೆಟ್ ಕತ್ತರಿಸೋ ಕತ್ತರಿ, ನಿಮ್ಮ ಕೈ ಸಮೇತ, ಅದಷ್ಟೂ ಸ್ಯಾನಿಟೈಸ್ ಆಗ್ಬೇಕು.

ಆಮೇಲೆ ಹುಳಿಯಾಗಿರೋದನ್ನ ಬಾಟ್ಲಿಗೆ ತುಂಬಿಟ್ಟಿದೀರಾ? ಉಳಿದ ಸಕ್ಕರೆನ ಆ ಕ್ರಿಮಿಗಳು ತಿಂತಾ ಹೋದ್ರೆ ಗ್ಯಾಸ್ ಏರಿ ಬಾಟ್ಲಿ ಒಡೆದ್ರೂ ಒಡೀಬಹುದು, ಇವತ್ತೇ ಫ್ರಿಜ್ಜಿಗೆ ಹಾಕಿ, ತೆಗೆಯೋವಾಗ ಮೇಲೊಂದು ದಪ್ಪ ಟವೆಲ್ ಸುತ್ತಿ ತೆಗೀರಿ.