ಆಶ್‌ನ ಊರು ಮುಳುಗಿದ್ದು ಲಿಂಗನಮಕ್ಕಿಯಲ್ಲಿ

ಪೊಕೆಮಾನ್ ಅನ್ನೋ ಜಪಾನಿನ ಕಾರ್ಟೂನಿನ ಕಥೆಗಳನ್ನ ನಮ್ಮ ಮಲೆನಾಡಿಗೆ ತಂದು ಬರೀಬೇಕು, ಆದ್ರೆ ಮೂಲಕ್ಕೆ ಎಲ್ಲೂ ತಪ್ಪಬಾರದು, ಅದಕ್ಕೆ ಎಲ್ಲ ಎಪಿಸೋಡೂ ನೋಡಿ ಮುಗಿಸಿಯೇ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ. ಹಾಗೆ ಮೂಲ ಹಿಡಿದು ಕೂತು ಒಂದು ಒಳ್ಳೇ ಕಥೆ ಹಾಳು ಮಾಡಿದವನು ನಾನು. ಅದೂ ನನ್ನ ಕಥೆಯಲ್ಲ, ತಂಗಿಯದು.

2004ರ ಸುಮಾರು. ಹೊಸನಗರದ ಹತ್ತಿರ ನಮ್ಮ ಮನೆ. ನನಗೆ ಹತ್ತು ವರ್ಷ, ಚಿಕ್ಕಪ್ಪನ ಮಗಳು ಪುಟ್ಟಿಗೆ ಏಳು. ಕಾರ್ಟೂನ್ ನೆಟ್‌ವರ್ಕಿನಲ್ಲಿ ಪೊಕೆಮಾನ್ ಬರ್ತಿತ್ತು, ಹಿಂದಿಯಲ್ಲಿ. ನಮ್ಮಿಬ್ಬರಿಗೂ ಹಿಂದಿಯ ಗಂಧಗಾಳಿ ಇರಲಿಲ್ಲ. ಮಳೆಗಾಲದಲ್ಲಂತೂ ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ಮೂರು ದಿನ ಕರೆಂಟಿಲ್ಲ. ನೋಡಿದ್ದು ಅರ್ಧ, ಅದರಲ್ಲಿ ತಿಳಿದದ್ದು ಬರೀ ಚಿತ್ರ. ಮಿಕ್ಕಿದ್ದನ್ನ ಪುಟ್ಟಿ ಕಟ್ಟಿ ಹೇಳ್ತಿದ್ಲು.

ಕೇಳೋರು ಯಾರು ಅಂದ್ರೆ ಅಡಿಕೆ ಸುಲಿಯೋ ಹೆಂಗಸರು. ದೀಪಾವಳಿ ಕಳೆದು ಅಡಿಕೆ ಗೊನೆ ಕೊಯ್ಲು ಶುರುವಾದ್ರೆ ರಾತ್ರಿ ಹತ್ತು ಹನ್ನೊಂದರ ತನಕ ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರ್ತಿದ್ರು. ನಿದ್ದೆ ಬರಬಾರದಲ್ಲ, ಯಾವ ಕಥೆಯಾದ್ರೂ ಸೈ. ಆದರೆ ಸುಮ್ಮನೆ ಕೇಳೋ ಜಾತಿ ಅಲ್ಲ ಅವರು. "ಆ ಹುಡುಗ ಊರೂರು ಅಲೀತಾನಲ್ಲೇ, ಅವಂಗೆ ಅಪ್ಪ ಇಲ್ವೇನೇ?" "ಇಷ್ಟು ಸಣ್ಣ ಹುಡುಗನ್ನ ತಾಯಿ ಯಾಕೆ ಬಿಟ್ಲು?" ನಿಜ ಹೇಳಬೇಕಂದ್ರೆ ಇದು ದೊಡ್ಡ ಪ್ರಶ್ನೆ. ಆ ಹುಡುಗನ ಹೆಸರು ಆಶ್, ಅವನ ಅಪ್ಪನನ್ನ ಕಾರ್ಟೂನಿನಲ್ಲಿ ಕೊನೆವರೆಗೂ ತೋರಿಸಲೇ ಇಲ್ಲ.

ಪುಟ್ಟಿ ಉತ್ತರ ಕೊಟ್ಟಳು. ಆಶ್‌ನ ಊರು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದೆ. ಅಪ್ಪ ಪರಿಹಾರದ ಕಾಗದ ಹಿಡ್ಕೊಂಡು ಸಾಗರಕ್ಕೆ ಹೋದವನು ಬರಲಿಲ್ಲ. ಅವನನ್ನ ಹುಡುಕಿಯೇ ಹುಡುಗ ಅಲೀತಿರೋದು. ಅವನ ಜೊತೆಗಿರೋ, ಕರೆಂಟ್ ಹೊಡೆಯೋ ಹಳದಿ ಇಲಿ ಪಿಕಾಚು ಶರಾವತಿ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದು ಓಡಿಬಂದವನು. ಕಾರ್ಟೂನಿನ ಕಳ್ಳರ ಗುಂಪು ಟೀಮ್ ರಾಕೆಟ್ಟಿನ ಜೆಸ್ಸಿ, ಜೇಮ್ಸ್ ಅಂದ್ರೆ ಹಸಿ ಅಡಿಕೆ ಕದಿಯೋ ಗಂಡ ಹೆಂಡತಿ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಅಣೆಕಟ್ಟು ಮೇಲೇಳುತ್ತಲ್ಲ, ಹಾಗೆ ಆಶ್ ಊರಿನ ಪ್ರೊಫೆಸರ್ ಓಕ್ ಮನೆ ಗೋಡೆ ಕಾಣುತ್ತೆ, ಆಗ ಆಶ್ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ನೋಡೋಕೆ ಬರ್ತಾನೆ. ಹೆಂಗಸರು ಕತ್ತಿ ನಿಲ್ಲಿಸಿ ಕೇಳ್ತಿದ್ರು.

ಈಗ ನನ್ನ ತಪ್ಪಿಗೆ ಬರ್ತೀನಿ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದೆ. ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಟ್ಟಲೆ ಕೂತು ಪೊಕೆಮಾನ್ ಬಗ್ಗೆ ಸಿಕ್ಕಿದ್ದೆಲ್ಲ ಓದಿ ಪಂಡಿತನಾದೆ. ದಸರಾ ರಜಕ್ಕೆ ಊರಿಗೆ ಹೋದಾಗ ಪುಟ್ಟಿ ಇನ್ನೂರು ಪುಟದ ನೋಟ್‌ಬುಕ್ ಕೈಗೆ ಕೊಟ್ಟಳು. ಕಥೆ ಪೂರ್ತಿ ಬರೆದಿದ್ದಳು. ನಾನು ಕೆಂಪು ಪೆನ್ನು ತಗೊಂಡು ಕೂತೆ.

ಕಾಗುಣಿತ ತಿದ್ದಿದ್ದರೆ ಪರವಾಗಿರಲಿಲ್ಲ. ಅವಳು ಬರೆದ ಕೆಲವು ಹೆಸರು ತಪ್ಪಿದ್ದವು, ಅದನ್ನ ತಿದ್ದಿದ್ದೂ ನಡೀತಿತ್ತು. ಆದರೆ ಊರು ಮುಳುಗುವ ಪುಟದ ಪಕ್ಕದಲ್ಲಿ ಹೀಗೆ ಬರೆದೆ: "ತಪ್ಪು. ಪ್ಯಾಲೆಟ್ ಟೌನ್ ಮುಳುಗಿಲ್ಲ. ಅಮ್ಮ ಅಲ್ಲೇ ಮನೇಲಿದ್ದಾಳೆ." ಆ ಪುಟದಲ್ಲಿ ಆಶ್‌ನ ಅಮ್ಮ ಮನೆಯ ಬಾಗಿಲುವಾಡ ಕಿತ್ತು ಗಾಡಿಗೆ ಹೇರಿಸ್ತಾಳೆ, ತುಳಸಿಕಟ್ಟೆ ತರೋಕೆ ಆಗಲಿಲ್ಲ ಅಂತ ಹಿಂದೆ ತಿರುಗಿ ನೋಡ್ತಾಳೆ. ಅದು ನಮ್ಮ ಅಜ್ಜಿಯ ತವರುಮನೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಹೋದದ್ದು. ಅಜ್ಜಿ ಈ ಸುದ್ದಿಯನ್ನ ಮಕ್ಕಳಾದ ನಮ್ಮ ಹತ್ತಿರ ಎತ್ತುತ್ತಿರಲಿಲ್ಲ, ಸುಲಿಯೋ ಹೆಂಗಸರ ಹತ್ತಿರ ಹೇಳ್ಕೊಳ್ತಿದ್ಲು. ನಾನು ಅಲ್ಲೇ ಕೂತಿದ್ದವನು, ಹಳದಿ ಇಲಿ ಯಾವಾಗ ಬರುತ್ತೆ ಅಂತ ಕಾಯ್ತಿದ್ದೆ. ಪುಟ್ಟಿ ಕೇಳಿಸ್ಕೊಂಡಿದ್ಲು. ಪಂಡಿತನಾಗಿ ಓದಿದ್ದಕ್ಕೆ ನನಗೆ ಟಿವಿಗೂ ಪುಟ್ಟಿಯ ನೋಟ್‌ಬುಕ್ಕಿಗೂ ಇರೋ ವ್ಯತ್ಯಾಸ ಒಂದೂ ಬಿಡದೆ ಕಂಡಿತು, ಅಜ್ಜಿ ಕಾಣಲಿಲ್ಲ. ಇನ್ನೂ ಕೆಟ್ಟದ್ದು ಅಂದ್ರೆ, ಪುಟ್ಟಿ ಅದನ್ನ ಅಜ್ಜಿಗೆ ದಿನಾ ಓದಿ ಹೇಳ್ತಿದ್ಲಂತೆ. ಕೆಂಪು ಗೆರೆ ಬಿದ್ದ ಮೇಲೆ ಓದೋದು ಬಿಟ್ಟಳು. ಅಜ್ಜಿ ನನ್ನನ್ನೇ ಕೇಳಿದ್ಲು, "ಆ ಹುಡುಗ ಲಾಂಚಿಂದ ಇಳಿದ್ನೇನೋ?" ನಾನು ಅಂದೆ, "ಅಜ್ಜಿ, ಅದು ಜಪಾನಿನ ಕಥೆ, ಅಲ್ಲಿ ಲಾಂಚೆಲ್ಲ ಇಲ್ಲ." "ಜಪಾನಲ್ಲಿ ಹೊಳೆ ಇಲ್ವೇನೋ?" ಅಂದ್ಲು. ಉತ್ತರ ಹೊಳೀಲಿಲ್ಲ.

ತಮಾಷೆ ನೋಡಿ, ನಾನು ಹಿಡಿದು ಕೂತಿದ್ದ "ಮೂಲ" ಕೂಡ ಮೂಲವಲ್ಲ. 1996ರಲ್ಲಿ ಜಪಾನಿನಲ್ಲಿ ಮೊದಲು ಬಂದದ್ದು ಗೇಮ್. ಅದರ ಹುಡುಗನ ಹೆಸರು ರೆಡ್, ಶುರುವಿನಲ್ಲಿ ಅವನಿಗೆ ಪಿಕಾಚು ಕೊಡೋದೇ ಇಲ್ಲ. ಮರುವರ್ಷ ಕಾರ್ಟೂನ್ ಮಾಡಿದವರು ಹುಡುಗನನ್ನ ಬದಲಾಯಿಸಿ, ಪಿಕಾಚುವನ್ನ ಜೊತೆಗೆ ಹಾಕಿದ್ರು. ಜಪಾನಿನಲ್ಲಿ ಆ ಹುಡುಗ ಸತೋಶಿ, ಇಂಗ್ಲಿಷಿಗೆ ಬಂದು ಆಶ್ ಆದ. 1998ರಲ್ಲಿ ಕಾರ್ಟೂನ್ ನೋಡಿ ಗೇಮನ್ನೇ ಇನ್ನೊಂದ್ಸಲ ಮಾಡಿದ್ರು: ಅದರಲ್ಲಿ ಪಿಕಾಚು ನಿಮ್ಮ ಹಿಂದೆಯೇ ನಡೆದು ಬರ್ತಾನೆ, ಜೆಸ್ಸಿ ಜೇಮ್ಸೂ ಬರ್ತಾರೆ. ಮಾಡಿದವರೇ ಎರಡು ವರ್ಷದಲ್ಲಿ ಎರಡು ಸಲ ತಿರುಗಿಸಿ ಹೇಳಿದ್ದಾರೆ. ವಿಚಿತ್ರ ಪ್ರಾಣಿಗಳನ್ನ ಹಿಡಿಯೋ ಆ ಗೇಮಿನ ಮೊದಲ ಎಳೆ ಕೂಡ ಸತೋಶಿ ತಾಜಿರಿ ಅನ್ನೋರು ಚಿಕ್ಕವರಿದ್ದಾಗ ಹುಳ ಹಿಡೀತಿದ್ದ ನೆನಪು. ಮಲೆನಾಡಿನ ಹುಡುಗರಿಗೆ ಹುಳದ ಪಾಠ ಬೇಕಾ?

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನಮ್ಮ ದೊಡ್ಡಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ರು. ಭಾಗವತರ ಪದ್ಯ ಮುರಿಯೋ ಹಾಗಿಲ್ಲ, ಮಾತು ಮಾತ್ರ ಅರ್ಥಧಾರಿಯದು, ಅದೇ ಕರ್ಣ ಒಬ್ಬೊಬ್ಬರ ಬಾಯಲ್ಲಿ ಒಂದೊಂಥರ. ನಿಮಗೂ ಅಷ್ಟೇ. ಪಿಕಾಚು ಹಳದಿ ಇರಲಿ, ಕೆನ್ನೆಯಲ್ಲಿ ಕರೆಂಟ್ ಇರಲಿ, ಹುಡುಗನ ಟೊಪ್ಪಿ ಇರಲಿ. ಮಿಕ್ಕಿದ್ದು ನಿಮ್ಮ ಅರ್ಥ. ಒಂದು ಎಪಿಸೋಡನ್ನ ಅರ್ಧಕ್ಕೆ ನಿಲ್ಲಿಸಿ, ಮುಂದಿನದನ್ನ ಪೊಕೆಮಾನ್ ಕಂಡೇ ಇಲ್ಲದ ಒಬ್ಬರಿಗೆ ಹೇಳಿ. ಅವರು ಎಲ್ಲಿ ತಡೆದು ಕೇಳ್ತಾರೋ ಅಲ್ಲಿಂದ ಬರೀರಿ. "ಇದು ಮೂಲದಲ್ಲಿಲ್ಲ" ಅಂತ ಬರೋ ಕಮೆಂಟಿಗೆ ಉತ್ತರ ಕೊಡಬೇಡಿ, ಬರೆದವನು ಹದಿನಾರರ ನನ್ನಂಥವನೇ ಇರ್ತಾನೆ. ಆದ್ರೆ ದುಡ್ಡಿಗೆ ಮಾತ್ರ ಮಾರೋಕೆ ಹೋಗಬೇಡಿ, ಪಾತ್ರಗಳು ಕಂಪನಿಯ ಸೊತ್ತು.

ಆ ನೋಟ್‌ಬುಕ್ ಈಗ ಸಿಕ್ಕಲ್ಲ. 2025ರ ಜುಲೈನಲ್ಲಿ, ಲಾಂಚ್ ಓಡ್ತಿದ್ದ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಶುರುವಾದ ಮೇಲೆ ಒಂದ್ಸಲ ಮನೆಯವರೆಲ್ಲ ಅದರ ಮೇಲೆ ಹೋದ್ವಿ. ಪುಟ್ಟಿ ಕಿಟಕಿ ಹತ್ತಿರ ಕೂತಿದ್ಲು. ಇಷ್ಟು ವರ್ಷದ ಮೇಲೆ ನಾನೇ ಕೇಳಿದೆ, ಆಶ್ ಕಥೆ ಏನಾಯ್ತೇ ಅಂತ.

"ಲಾಂಚ್ ಹೋಯ್ತಲ್ಲ ಅಣ್ಣ, ಇನ್ನು ಬಸ್ಸಲ್ಲೇ ಬರ್ತಾನೆ. ಪಿಕಾಚುಗೆ ಅರ್ಧ ಟಿಕೆಟ್."

"ಆಮೇಲೆ?" ಅಂದೆ. ಅವಳು ನೀರು ನೋಡ್ತಾ ಕೂತ್ಲು, ಮುಂದಕ್ಕೆ ಹೇಳಲಿಲ್ಲ.